ವಾಡಿ ಔಟರ್‌ನಲ್ಲಿ ನಿಂತ ಗುರುತು

"ಮುಂದೆ ಏನೋ ಇದೆ" ಎಂಬ ಮಾತು ರೇಡಿಯೊದಲ್ಲಿ ಬಂದಾಗ ಎರಡೂ ವಿಮಾನಗಳು ಸೇಡಂ ದಾಟಿ ಚಿತ್ತಾಪುರದ ಕಡೆ ತಿರುಗಿದ್ದವು. ಚಳಿಗಾಲದ ಬೆಳಗು. ನಾನು ವಾಯುಪಡೆಯಲ್ಲಿ ರೇಡಾರ್ ನಿಯಂತ್ರಕಿ. ತರಬೇತಿ ವಿಮಾನಗಳು ಮೇಲಿರುವಷ್ಟು ಹೊತ್ತು ಪರದೆಯ ಮುಂದೆ ಕೂತು, ಯಾರು ಎಲ್ಲಿದ್ದಾರೆ, ಯಾರ ದಾರಿಗೆ ಯಾರು ಅಡ್ಡ ಬರುತ್ತಿದ್ದಾರೆ ಎಂದು ಹೇಳುವುದು ನನ್ನ ಕೆಲಸ. ಆ ದಿನದ ಹಾದಿ ನನಗೆ ಬಾಯಿಪಾಠ: ಚಿಂಚೋಳಿಯ ಕಾಡು, ಸೇಡಂನ ಸಿಮೆಂಟ್ ಚಿಮಣಿಗಳು, ಚಿತ್ತಾಪುರ, ವಾಡಿ ಜಂಕ್ಷನ್, ಶಹಾಬಾದ್, ಅಲ್ಲಿಂದ ವಾಪಸ್. ಹಾದಿಯ ಅರ್ಧ ಊರುಗಳಲ್ಲಿ ನನ್ನ ನೆಂಟರಿದ್ದಾರೆ. ನಾನು ನಾಲವಾರದವಳು.

ಮುಂದಿನ ವಿಮಾನದಲ್ಲಿ ಶಿಕ್ಷಕ, ಹಿಂದಿನದರಲ್ಲಿ ಒಬ್ಬನೇ ಕೂತ ತರಬೇತಿ ಪೈಲಟ್. ಮಾತಾಡಿದ್ದು ಅವನು.

"ಗುಂಡಗಿದೆ. ಹೊಳೆಯುತ್ತಿದೆ. ನಿಂತಲ್ಲೇ ಇದೆ ಅನಿಸುತ್ತದೆ."

ಶಿಕ್ಷಕ ನನ್ನನ್ನು ಕೇಳಿದರು: "ಅಲ್ಲಿ ಬೇರೆ ವಿಮಾನ ಇದೆಯೇ?"

ಪರದೆಯಲ್ಲಿ ಅದೇ ದಿಕ್ಕಿಗೆ ಒಂದು ಗುರುತು ಇತ್ತು. ಪ್ರತಿ ವಿಮಾನವೂ ತನ್ನ ಹೆಸರು, ಎತ್ತರ ಹೇಳಿಕೊಳ್ಳುವ ಸಂಕೇತವೊಂದನ್ನು ಕಳಿಸುತ್ತದೆ, ಇದು ಏನನ್ನೂ ಕಳಿಸುತ್ತಿರಲಿಲ್ಲ. ವಿಮಾನಕ್ಕೆ ತಕ್ಕ ವೇಗವೂ ಇರಲಿಲ್ಲ, ಎತ್ತಿನ ಬಂಡಿಯ ಹಾಗೆ ಸಾಗುತ್ತಿತ್ತು. ನಮ್ಮ ಆ ರೇಡಾರ್ ದಿಕ್ಕು ಮತ್ತು ದೂರವನ್ನಷ್ಟೇ ಹೇಳುತ್ತದೆ, ಎತ್ತರ ಅದಕ್ಕೆ ತಿಳಿಯದು. ನಿಯಮದ ಪ್ರಕಾರ ಇದ್ದದ್ದನ್ನು ಇದ್ದಹಾಗೆ ಹೇಳಿದೆ: "ಅದೇ ದಿಕ್ಕಿನಲ್ಲಿ ಒಂದು ಗುರುತಿದೆ. ಯಾವುದೆಂದು ತಿಳಿಯದು. ಎತ್ತರ ತಿಳಿಯದು."

ಮರುಕ್ಷಣ ಹಿಂದಿನ ವಿಮಾನ ಜೋಡಿ ಬಿಟ್ಟು ಬಲಕ್ಕೆ ಹೊರಳಿತು. ಹೊರಳುತ್ತ ಕೆಳಗಿಳಿಯಿತು, ಇಳಿಯಬಾರದಷ್ಟು ಇಳಿಯಿತು. ಚಿತ್ತಾಪುರ ಮತ್ತು ವಾಡಿಯ ನಡುವೆ ರಸ್ತೆ ಬದಿಯ ಕಲ್ಲಿನ ಅಂಗಳಗಳ ಮೇಲೆ ತಲೆ ಸವರಿಕೊಂಡು ಹೋದಂತೆ ಹೋಗಿ ಮೇಲೆದ್ದಿತು. ಕೆಳಗಿದ್ದವರು ವಿಮಾನ ಬಿತ್ತೆಂದೇ ತಿಳಿದು ಪೊಲೀಸರಿಗೆ ಫೋನು ಮಾಡಿದರು. ವಿಮಾನಗಳು ಕ್ಷೇಮವಾಗಿ ಬಂದು ಇಳಿದವು.

ಮಧ್ಯಾಹ್ನದ ಹೊತ್ತಿಗೆ ನಮ್ಮ ಕ್ಯಾಂಟೀನಿನಲ್ಲಿ ಅದು 'ಹಾರುವ ತಟ್ಟೆ' ಆಗಿತ್ತು. ಸಂಜೆಯ ಹೊತ್ತಿಗೆ ಅದಕ್ಕೆ ಕಿಟಕಿಗಳೂ ಬಂದಿದ್ದವು. ತಟ್ಟೆಯಲ್ಲಿ ಬಂದ ನಿಮ್ಮ ನೆಂಟರು ನಮ್ಮ ಊಟ ಒಪ್ಪಿಯಾರೇ ಎಂದು ಅಡುಗೆಯವನು ನನ್ನನ್ನು ಕೇಳಿದ.

ತರಬೇತಿ ಪೈಲಟ್‌ಗೆ ಅದು ತಮಾಷೆಯಾಗಿರಲಿಲ್ಲ. ಹಿಂದೆ ಒಮ್ಮೆ ಇಳಿಯುವಾಗ ಎಡವಟ್ಟು ಮಾಡಿ ಎಚ್ಚರಿಕೆ ಪಡೆದಿದ್ದ, ಇನ್ನೊಂದಕ್ಕೆ ಜಾಗವಿರಲಿಲ್ಲ. ಎದುರಿಗೆ ನಿಜವಾಗಿ ಏನಾದರೂ ಇತ್ತು ಎಂದಾದರೆ ಅವನು ಹೊರಳಿಸಿದ್ದು ಸರಿ, ಹಾಗೆ ಹೊರಳಿಸದಿದ್ದರೇ ತಪ್ಪು. ಇರಲಿಲ್ಲ ಎಂದಾದರೆ ಅವನು ಬೆಳಕಿಗೆ ಬೆದರಿದ ಪೈಲಟ್. ಅಂಥವನನ್ನು ಮತ್ತೆ ಒಂಟಿಯಾಗಿ ಮೇಲೆ ಬಿಡುವುದಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ ಲಖನೌ ಕಡೆಯವರು. ತೂಕದ ಮನುಷ್ಯ, ನಗುವುದು ಅಪರೂಪ. ಕನ್ನಡದ ಒಂದಕ್ಷರ ಬಾರದು. ನಾನೂ ಸಾಕ್ಷಿಯಾದ್ದರಿಂದ ಮಂಡಳಿಯಲ್ಲಿ ಕೂರುವಂತಿರಲಿಲ್ಲ. ರೇಡಾರ್‌ನ ದಾಖಲೆಯನ್ನು ಮತ್ತೆ ಓಡಿಸಿ ನಕ್ಷೆಯ ಮೇಲೆ ಗುರುತಿಸಿ ಕೊಡಬೇಕೆಂದು ಹೇಳಿದರು. ಶಿಕ್ಷಕರು ತಾವೂ ಒಂದು ಹೊಳಪು ಕಂಡದ್ದು ನಿಜ, ಅದೇನೆಂದು ಹೇಳಲಾರೆ ಎಂದರು. ನೆಲದ ಮೇಲಿನವರ ಹೇಳಿಕೆಗಳನ್ನು ಮಂಡ್ಯ ಕಡೆಯ ನಮ್ಮ ಒಬ್ಬ ಸಾರ್ಜೆಂಟ್ ಪೊಲೀಸರ ಜೊತೆ ಹೋಗಿ ಪಡೆದು, ಇಂಗ್ಲಿಷಿಗೆ ಇಳಿಸಿ ತಂದಿದ್ದ. ಅವರಲ್ಲಿ ವಿಮಾನ ಹೊರಳುವ ಮೊದಲೇ ಮೇಲೆ ನೋಡಿದವನು ಒಬ್ಬನೇ, ಒಬ್ಬ ಕಲ್ಲಿನ ವ್ಯಾಪಾರಿ. ಅವನು ವಿಮಾನ ನೋಡಿದೆ, ವಿಮಾನ ದುಂಡಗಿತ್ತು, ವಿಮಾನಕ್ಕೆ ಸದ್ದಿರಲಿಲ್ಲ ಎಂದೆಲ್ಲ ಹೇಳಿದ್ದನಂತೆ. 'ಸಾಕ್ಷಿಗೆ ಗೊಂದಲವಿದೆ' ಎಂದು ಸಾರ್ಜೆಂಟ್ ಕೆಳಗೆ ಸೇರಿಸಿದ್ದ. ಅಧಿಕಾರಿ ಅದನ್ನು ಓದಿ ಪಕ್ಕಕ್ಕಿಟ್ಟರು.

ಅದಿಲ್ಲದೆಯೂ ಪ್ರಕರಣ ಪೈಲಟ್ ಕಡೆಗೇ ವಾಲಿತ್ತು. ಇಬ್ಬರು ಪೈಲಟ್‌ಗಳು ಕಂಡಿದ್ದಾರೆ, ರೇಡಾರ್ ಅದನ್ನು ದೃಢಪಡಿಸಿದೆ, ವಸ್ತು ಏನೆಂದು ತಿಳಿದಿಲ್ಲ, ಪೈಲಟ್ ಮಾಡಿದ್ದು ಸರಿ. ವರದಿಯ ಕರಡು ಹೀಗೆ ಸಿದ್ಧವಾಗುತ್ತಿತ್ತು. ನನ್ನ ನಕ್ಷೆಯೊಂದು ಬಾಕಿ ಇತ್ತು.

ಹೊರಳಿದ ಕ್ಷಣದವರೆಗಿನ ದಾಖಲೆ ಸಾಕಿತ್ತು. ಗುರುತು ಯಾವಾಗ ಮಾಯವಾಯಿತು ಎಂಬುದನ್ನೂ ಬರೆದರೆ ಅಚ್ಚುಕಟ್ಟು ಎಂದು ಮುಂದಕ್ಕೂ ಓಡಲು ಬಿಟ್ಟೆ. ಅದು ಮಾಯವಾಗಲಿಲ್ಲ. ಒಂದೇ ಸಮನೆ ಪಶ್ಚಿಮಕ್ಕೆ ಸಾಗಿತು. ಆಮೇಲೆ ವೇಗ ಇಳಿಸಿತು. ಆಮೇಲೆ ನಿಂತಿತು. ನಾನು ಚಹಾ ತರಿಸಿಕೊಂಡೆ, ಕುಡಿದು ಮುಗಿಸಿದೆ. ಅದು ನಿಂತೇ ಇತ್ತು.

ಅದು ನಿಂತ ಜಾಗ ನನಗೆ ಗೊತ್ತಿತ್ತು. ಕಾಲೇಜು ಓದುವಾಗ ನಾಲವಾರದಿಂದ ಕಲಬುರಗಿಗೆ ರೈಲಿನಲ್ಲೇ ಓಡಾಡಿದವಳು ನಾನು. ವಾಡಿ ಜಂಕ್ಷನ್ ಕಣ್ಣಿಗೆ ಕಾಣುತ್ತಿರುತ್ತದೆ, ಗಾಡಿ ಮಾತ್ರ ಹೊರಗಿನ ಸಿಗ್ನಲ್ ಬಳಿ ನಿಂತುಬಿಡುತ್ತದೆ. ನಮ್ಮ ಕಡೆಯಿಂದ ಬಂದರೂ ಅದೇ, ಸೇಡಂ ಕಡೆಯಿಂದ ಬಂದರೂ ಅದೇ. ಜನ ಇಳಿದು ಬೀಡಿ ಸೇದುತ್ತಾರೆ, ಶೇಂಗಾ ತಿನ್ನುತ್ತಾರೆ, ರೈಲ್ವೆಯನ್ನು ಬಯ್ಯುತ್ತಾರೆ. ನಮ್ಮ ಮನೆಯಲ್ಲಿ ಯಾರ ಮದುವೆ ಮಾತುಕತೆಯಾದರೂ ನಡುವೆ ನಿಂತರೆ "ವಾಡಿ ಔಟರ್‌ನಾಗ ನಿಂತದ" ಎನ್ನುವುದೇ ರೂಢಿ. ನನ್ನದೂ ಬಹಳ ದಿನ ಅಲ್ಲಿ ನಿಂತಿತ್ತು.

ಬೇರೆ ಲೋಕದಿಂದ ಬಂದ ವಸ್ತುವೂ ವಾಡಿ ಔಟರ್‌ನಲ್ಲಿ ಸಿಗ್ನಲಿಗೆ ಕಾಯುತ್ತದೆ ಎಂದು ನಂಬಲು ನನಗೆ ಆಗಲಿಲ್ಲ. ರೈಲು ಹಳಿಯ ನಕ್ಷೆಯನ್ನು ತಂದು ಮೇಲೆ ಹೊದಿಸಿದೆ. ಗುರುತಿನ ಹಾದಿ ಹಳಿಯ ಮೇಲೆಯೇ ಕೂತಿತು. ರೈಲ್ವೆಯವರನ್ನು ಕೇಳಿದೆ. ಹೌದು, ಆ ಬೆಳಿಗ್ಗೆ ಸೇಡಂ ಕಡೆಯಿಂದ ಬಂದ ತುಂಬಿದ ಗೂಡ್ಸ್ ಗಾಡಿಯೊಂದನ್ನು ಔಟರ್‌ನಲ್ಲಿ ನಿಲ್ಲಿಸಿದ್ದೆವು ಎಂದರು. ಹವಾಮಾನದವರ ಬೆಳಗಿನ ಅಳತೆ ತೆಗೆಸಿದೆ. ನೆಲಕ್ಕೆ ಹತ್ತಿದ ತಂಪು ಗಾಳಿಯ ಮೇಲೆ ಬಿಸಿ ಗಾಳಿಯ ಪದರವೊಂದು ಮುಚ್ಚಳದಂತೆ ಕೂತಿತ್ತು. ಅಂಥ ಬೆಳಗಿನಲ್ಲಿ ನಮ್ಮ ಕಿರಣ ನೇರ ಹೋಗದೆ ಬಾಗಿ ನೆಲ ಮುಟ್ಟುತ್ತದೆ. ಗುಡ್ಡ, ಮನೆಗಳಂಥ ಅಲುಗಾಡದ ವಸ್ತುಗಳನ್ನು ಯಂತ್ರ ತಾನೇ ಅಳಿಸಿಹಾಕುತ್ತದೆ. ಓಡುವ ರೈಲನ್ನು ಅಳಿಸುವುದಿಲ್ಲ. ನಿಂತ ಮೇಲೂ ಅದು ಪರದೆಯ ಮೇಲೆ ಉಳಿದದ್ದೇಕೆ ಎಂದು ತಂತ್ರಜ್ಞರನ್ನು ಕೇಳಿದೆ. ಹಿಂಬಾಲಿಸತೊಡಗಿದ ಗುರುತನ್ನು ಯಂತ್ರ ಸುಲಭಕ್ಕೆ ಕೈಬಿಡುವುದಿಲ್ಲ ಎಂದರು.

ನಕ್ಷೆ ಹಿಡಿದು ವಿಚಾರಣೆಯ ಕೋಣೆಗೆ ಹೊರಟೆ. ಹೊರಗೆ ಬೆಂಚಿನ ಮೇಲೆ ತರಬೇತಿ ಪೈಲಟ್ ಕೂತಿದ್ದ. ಎದ್ದು ನಿಂತು ಸೆಲ್ಯೂಟ್ ಮಾಡಿದ.

"ಮೇಡಂ, ನಕ್ಷೆ ಸಿಕ್ಕಿತೇ?"

"ಸಿಕ್ಕಿತು."

"ನಿಮ್ಮ ರೇಡಾರ್ ಇರದಿದ್ದರೆ ನನ್ನ ಗತಿ ಮುಗಿದಿತ್ತು" ಎಂದ. ಅವನ ಮುಖದಲ್ಲಿ ನಿರಾಳವಿತ್ತು.

ನಾನು ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೇಳಿದ್ದು ಹೊರಳಿದ ಕ್ಷಣದವರೆಗಿನ ನಕ್ಷೆ, ಅಷ್ಟನ್ನು ಕೊಟ್ಟು ಬರಬಹುದಿತ್ತು. ಆದರೆ ನಾಳೆ ಅಂಥದೇ ಬೆಳಗಿನಲ್ಲಿ ನಾನೋ ಇನ್ನೊಬ್ಬರೋ ಗೂಡ್ಸ್ ಗಾಡಿಯೊಂದನ್ನು ತಪ್ಪಿಸಲು ಮತ್ತೊಬ್ಬ ಪೈಲಟ್‌ನನ್ನು ನೆಲಕ್ಕೆ ಬಡಿಸಿಬಿಡಬಹುದು. ರೇಡಾರ್ ಕೋಣೆಯಲ್ಲಿ ಕೂತು ಸಂಬಳ ತೆಗೆದುಕೊಳ್ಳುವವರು ರೈಲನ್ನು ರೈಲು ಎನ್ನಬೇಕು. ಒಳಗೆ ಹೋಗಿ ಹೇಳಿದೆ.

ಅಧಿಕಾರಿ ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ರೈಲು?"

"ರೈಲು, ಸರ್. ವಾಡಿ ಔಟರ್‌ನಲ್ಲಿ ನಿಂತಿದೆ."

ಅವರು ಕರಡು ಹಾಳೆ ತೆಗೆದು 'ರೇಡಾರ್ ದೃಢಪಡಿಸಿದೆ' ಎಂಬುದರ ಮೇಲೆ ಗೀಟು ಎಳೆದರು. ಅಲ್ಲಿಂದ ಮುಂದೆ ಎಲ್ಲ ಒಂದೊಂದಾಗಿ ಕಳಚಿಕೊಂಡಿತು. ಮತ್ತೆ ಕರೆಸಿ ಕೇಳಿದಾಗ ಶಿಕ್ಷಕರು, ತಾವು ಕಂಡ ಹೊಳಪು ನೀರು ತುಂಬಿದ ಹಳೆಯ ಖಣಿಯದೂ ಇರಬಹುದು ಎಂದರು. ಆ ಸೀಮೆಯಲ್ಲಿ ಕಲ್ಲು ತೆಗೆದು ಬಿಟ್ಟ ಖಣಿಗಳಿಗೆ ಲೆಕ್ಕವಿಲ್ಲ, ಬೆಳಗಿನ ಬಿಸಿಲಿಗೆ ಕನ್ನಡಿಯಂತೆ ಹೊಳೆಯುತ್ತವೆ. ಕೊನೆಗೆ ತರಬೇತಿ ಪೈಲಟ್‌ನನ್ನು ಒಳಗೆ ಕರೆದು ರೈಲಿನ ವಿಷಯ ತಿಳಿಸಿ, ನೀನು ಕಂಡದ್ದು ನಿಜವೇ ಎಂದು ಕೇಳಿದರು.

ಅವನು ನನ್ನ ಕಡೆ ಒಮ್ಮೆ ನೋಡಿದ. "ಕಂಡೆ ಎಂದುಕೊಂಡಿದ್ದೆ ಸರ್. ಈಗ ಖಚಿತವಾಗಿ ಹೇಳಲಾರೆ" ಎಂದ.

ಅಲ್ಲಿಗೆ ಅವನ ಕಥೆ ಮುಗಿಯಿತು ಎಂದುಕೊಂಡೆ. ನನಗೂ ಆಗ ಅವನು ಖಣಿಯ ನೀರಿಗೆ ಬೆದರಿದ್ದನೆಂದೇ ಅನಿಸಿತ್ತು. ಅಧಿಕಾರಿ ಮಾತ್ರ ಅರ್ಧ ಕೆಲಸಕ್ಕೆ ಸಹಿ ಹಾಕುವವರಲ್ಲ. ಅವತ್ತಿನದೇ ಬೆಳಗಿನ ಹೊತ್ತಿಗೆ ಅಲ್ಲಿ ನಿಂತು ಯಾವ ಖಣಿ ಹೊಳೆಯುತ್ತದೆ ಎಂದು ನೋಡಿ ಬಂದೇ ವರದಿ ಮುಗಿಸೋಣ ಎಂದರು. ದಾರಿ ತೋರಿಸಲು ಸಾರ್ಜೆಂಟ್, ಮಾತಿಗೆ ನಾನು.

ಜೀಪು ನಿಂತದ್ದು ಅದೇ ಕಲ್ಲಿನ ವ್ಯಾಪಾರಿಯ ಅಂಗಳದಲ್ಲಿ. ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿಗೆ ನಮ್ಮಲ್ಲಿ ಫರ್ಸಿ ಎನ್ನುತ್ತಾರೆ. ಸುತ್ತಲೂ ಫರ್ಸಿಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದ್ದರು. ವ್ಯಾಪಾರಿ ಐವತ್ತು ದಾಟಿದವರು, ಹಣೆಗೆ ವಿಭೂತಿ, ದೊಡ್ಡ ಗಂಟಲು. ನಮ್ಮ ಸಮವಸ್ತ್ರ ನೋಡಿ ಅವರಿಗೆ ರೇಗಿತು.

"ಮತ್ತ ಬಂದ್ರೇನ್ರಿ? ಅವತ್ತೇ ಎಲ್ಲಾ ಹೇಳೀನಲ್ರಿ ಈ ಸಾಹೇಬ್ರಿಗಿ. ನಾ ಹೇಳಿದ್ದು ಖರೇ ಅನಸ್ಲಿಲ್ಲೇನು?"

"ಕಾಕಾ, ಸಿಟ್ಟಾಗಬ್ಯಾಡ್ರಿ. ನಾ ನಾಲವಾರದಾಕಿ. ನೀವು ಹೇಳಿದ್ದು ನಾ ಒಮ್ಮೆ ಕೇಳ್ಬೇಕು ಅಂತ ಬಂದೀನಿ."

ಗಂಟಲು ಇಳಿಯಿತು. "ನಾಲವಾರದವ್ರೇನು? ಮೊದ್ಲ ಹೇಳ್ಬಾರದೇನವ್ವಾ. ಕುಂದ್ರಿ, ಕುಂದ್ರಿ. ಲೇ, ಚಾ ತರಸ್ರೋ."

ನಾವು ಕೂತೆವು. ಅಧಿಕಾರಿ ಖಣಿಗಳ ದಿಕ್ಕಿಗೆ ಮುಖ ಮಾಡಿ ನಿಂತೇ ಇದ್ದರು, ನಮ್ಮ ಮಾತು ಅವರಿಗೆ ಬರೀ ಸದ್ದು.

"ಲಾರಿ ತುಂಬಲಿಕತ್ತಿದ್ವಿ. ಮ್ಯಾಲ ನೋಡ್ದೆ. ಇಮಾನ್‌ಲೆ ಹೇಳ್ತೀನವ್ವಾ, ದುಂಡಗ ಇತ್ತು. ಸ್ಟೀಲ್ ಡಬರಿ ಬೋರಲ ಹಾಕ್ದಂಗ ಮಿಂಚಾಕತ್ತಿತ್ತು. ಸಪ್ಪಳ ಇಲ್ಲ, ಹೊಗಿ ಇಲ್ಲ. ಇಮಾನ್‌ಲೆ..."

ಅಧಿಕಾರಿ ಥಟ್ಟನೆ ತಿರುಗಿದರು.

"ಇಮಾನ್ ಸೇ?" ಎಂದು ಕೇಳಿದರು, ನನ್ನನ್ನಲ್ಲ, ನೇರ ಅವರನ್ನೇ.

"ಹೌ ಸಾಬ್!" ವ್ಯಾಪಾರಿ ಎದೆ ಮುಟ್ಟಿಕೊಂಡರು. "ಇಮಾನ್ ಸೇ."

ನಾನು ಸಾರ್ಜೆಂಟ್ ಕಡೆ ನೋಡಿದೆ. ಅವನ ಮುಖ ಬಿಳಿಚಿತ್ತು.

"ಮೇಡಂ, ನಮ್ಮ ಕಡೆ ಅಜ್ಜಿ ವಿಮಾನಕ್ಕೆ ಇಮಾನ ಅಂತಾಳೆ" ಎಂದ. "ಇವರು ಮಾತಿಗೊಂದು ಸಲ ಇಮಾನ ಅಂತಿದ್ರು. ನಾನು ಅದೇ ಅಂದ್ಕೊಂಡೆ."

ಅವನದೂ ತಪ್ಪೆನ್ನುವಂತಿಲ್ಲ. ನಮ್ಮ ಹಳ್ಳಿಗಳಲ್ಲೂ ಮುದುಕರು ವಿಮಾನವನ್ನು ಇಮಾನ ಎಂದೇ ಕರೆಯುತ್ತಾರೆ. ಆದರೆ ಸಂತೆಯಲ್ಲಿ, ಕೊಡು-ಕೊಳ್ಳುವಲ್ಲಿ, ಜಗಳದಲ್ಲಿ ಇಮಾನ್ ಎಂದರೆ ಉರ್ದುವಿನಿಂದ ಬಂದ ಮಾತು: ನಿಯತ್ತು, ನಂಬಿಕೆ. ಅದರ ಮೇಲೆ ಆಣೆಯಿಟ್ಟು ಮಾತಾಡುವುದಕ್ಕೆ ಮಸೀದಿಗೆ ಹೋಗುವವರು, ಮಠಕ್ಕೆ ಹೋಗುವವರು ಎಂಬ ಭೇದವಿಲ್ಲ. ನಾನೇ ಹೇಳಿಕೆ ಪಡೆಯಲು ಹೋಗಿದ್ದರೆ ಆ ಶಬ್ದ ಕಿವಿಗೆ ಬಿದ್ದದ್ದೂ ಗೊತ್ತಾಗುತ್ತಿರಲಿಲ್ಲ, ಉಸಿರಾಡಿದಷ್ಟು ಸಹಜ ಅದು. ಇಂಗ್ಲಿಷಿಗೆ ಇಳಿದ ಮೇಲೆ ಓದಿದ್ದರಿಂದ ನನಗೂ ಹೊಳೆದಿರಲಿಲ್ಲ. ಆ ಮನುಷ್ಯ ಮೂರು ಸಲ ಆಣೆಯಿಟ್ಟು ಹೇಳಿದ್ದು ನಮ್ಮ ಕಡತದಲ್ಲಿ ಮೂರು ವಿಮಾನವಾಗಿತ್ತು.

ವಿಷಯ ತಿಳಿಸಿದಾಗ ವ್ಯಾಪಾರಿ ತೊಡೆ ತಟ್ಟಿ ನಕ್ಕರು. "ನಾ ಏನು ಇಮಾನದಾಗ ಕುಂತು ಫರ್ಸಿ ತುಂಬಲಿಕತ್ತಿದ್ದೆನೇನ್ರಿ?"

ಅಧಿಕಾರಿ ನಗಲಿಲ್ಲ. ಅವರ ಕೆಲಸ ಆಗ ಶುರುವಾಗಿತ್ತು. ಅವತ್ತು ಎಲ್ಲಿ ನಿಂತಿದ್ದಿರೋ ಅಲ್ಲೇ ನಿಲ್ಲಿ ಎಂದು ನನ್ನಿಂದ ಹೇಳಿಸಿದರು. ವಿಮಾನಗಳು ಎಲ್ಲಿಂದ ಬಂದವು, ಆ ವಸ್ತು ಎಲ್ಲಿತ್ತು, ಕೈ ಮಾಡಿ ತೋರಿಸಿ. ವ್ಯಾಪಾರಿ ಲಾರಿಯ ಹಿಂಬದಿಗೆ ಹೋಗಿ ನಿಂತು ತೋಳು ಚಾಚಿದರು.

"ಅಲ್ಲಿಂದ ಬಂದ್ವು ಎರಡೂ, ಸೇಡಂ ಕಡಿಂದ. ಮುಂದಿಂದು ಅದರ ಬಾಜೂಕ ಹಾದು ಹೋಯ್ತು. ಹಿಂದಿಂದು ನೆಟ್ಟಗ ಅದಕ್ಕೇ ಹೊಂಟಿತ್ತು. ಬಡೀತು ಅಂದೆ ನಾ, ಸತ್ತ ಹೋದ ಅಂದೆ. ಒಮ್ಮೆಲೇ ಹೊಟ್ಟಿ ತೋರಿಸಿ ಹೊಳ್ಳಿ ಬಿಡ್ತು ನೋಡವ್ವಾ! ನಮ್ಮ ತಲಿ ಮ್ಯಾಲೇ ಬಂತು. ಹಮಾಲ್ರೆಲ್ಲ ಫರ್ಸಿ ಒಗದು ನೆಲಕ್ಕ ಬಿದ್ರು. ಹುಡುಗ ಬದುಕಿದನೇನು?"

"ಬದುಕ್ಯಾನ್ರಿ ಕಾಕಾ."

"ಛಲೋ ಆತು. ಅವ್ನು ಹೊಳ್ಳದಿದ್ರ ಬದುಕ್ತಿದ್ದಿಲ್ಲ."

ಚಾಚಿದ ತೋಳಿನ ದಿಕ್ಕನ್ನು ಅಧಿಕಾರಿ ದಿಕ್ಸೂಚಿಯಿಂದ ಅಳೆದರು, ತೋಳಿನ ಏರನ್ನು ಕೋನಮಾಪಕದಿಂದ. ಆಮೇಲೆ ವ್ಯಾಪಾರಿಯನ್ನು ಒಳಗೆ ಕೂರಿಸಿ, ಅವತ್ತು ಇದ್ದ ಒಬ್ಬ ಹಮಾಲನನ್ನು ಕರೆಸಿ ಬೇರೆಯಾಗಿ ಕೇಳಿದರು. ಅವನಿಗೆ ಆ ವಸ್ತು ಕಂಡಿರಲಿಲ್ಲ, ಆದರೆ ವಿಮಾನ ಹೊಟ್ಟೆ ತೋರಿಸಿ ಹೊರಳಿದ ಜಾಗವನ್ನು ತೋರಿಸಿದ. ಕೇಂದ್ರಕ್ಕೆ ಮರಳಿ ಎರಡನ್ನೂ ವಿಮಾನದ ದಾಖಲೆ ಯಂತ್ರದ ಮಾಹಿತಿಯ ಪಕ್ಕದಲ್ಲಿಟ್ಟರು. ಹಮಾಲ ತೋರಿಸಿದ ಜಾಗಕ್ಕೂ ದಾಖಲೆಯಲ್ಲಿ ವಿಮಾನ ಹೊರಳಿದ ಜಾಗಕ್ಕೂ ತಾಳೆಯಾಯಿತು. ವ್ಯಾಪಾರಿಯ ತೋಳು ತೋರಿಸಿದ್ದು ಅದರ ಮುಂದೆ, ವಿಮಾನ ಹೊರಳದಿದ್ದರೆ ಹೋಗುತ್ತಿದ್ದ ನೇರ ದಾರಿಯನ್ನು. ಅಲ್ಲಿ ಏನನ್ನೂ ಕಂಡಿರದಿದ್ದರೆ ವ್ಯಾಪಾರಿಗೆ ಆ ದಿಕ್ಕು, ಆ ಏರು ಇಷ್ಟು ಕರಾರುವಾಕ್ಕಾಗಿ ತೋರಿಸಲು ಬರುತ್ತಿರಲಿಲ್ಲ. ಖಣಿಯ ನೀರಂತೂ ಆಕಾಶದಲ್ಲಿ ಹೊಳೆಯುವುದಿಲ್ಲ.

ಅದೇನಾಗಿತ್ತು? ಎಲ್ಲಿಂದಲೋ ಹಗ್ಗ ಹರಿದುಕೊಂಡು ಬಂದ ಜಾಹೀರಾತಿನ ಬಲೂನು ಎಂಬುದು ನನ್ನ ಊಹೆ. ಸುತ್ತಲಿನ ಊರುಗಳಲ್ಲಿ ವಿಚಾರಿಸಿದೆವು. ಬಲೂನು ಕಳೆದುಕೊಂಡವರೂ ಸಿಗಲಿಲ್ಲ, ಸಿಕ್ಕಿತೆಂದವರೂ ಬರಲಿಲ್ಲ. ವರದಿಯಲ್ಲಿ ವಸ್ತು 'ಗುರುತಿಸಲಾಗಿಲ್ಲ' ಎಂದೇ ಉಳಿಯಿತು. ರೇಡಾರ್ ಕಂಡದ್ದು ರೈಲು, ಪೈಲಟ್ ಕಂಡದ್ದು ಬೇರೆ. ಎರಡೂ ಒಂದೇ ದಿಕ್ಕಿಗೆ ಇದ್ದದ್ದು ಆಕಸ್ಮಿಕ. ಹೊರಳಿಸಿದ್ದು ಸರಿ, ಅಷ್ಟು ಕೆಳಗಿಳಿದದ್ದಕ್ಕೆ ಶಿಕ್ಷಕರೊಂದಿಗೆ ಹೆಚ್ಚಿನ ಅಭ್ಯಾಸ. ಪೈಲಟ್ ಉಳಿದುಕೊಂಡ.

ವರದಿ ಹೋದ ಮೇಲೆ ಅವನು ನನ್ನನ್ನು ಹುಡುಕಿಕೊಂಡು ಬಂದ.

"ಮೇಡಂ, ರೈಲು ಎಂದು ಹೇಳಿದಿರಲ್ಲ, ಆಗ ನಿಮಗೆ ನನ್ನ ಮೇಲೆ ನಂಬಿಕೆ ಇತ್ತೇ?"

"ಇರಲಿಲ್ಲ" ಎಂದೆ.

ಅವನು ತಲೆಯಾಡಿಸಿದ. "ನನಗೂ ಇರಲಿಲ್ಲ. ಕಣ್ಣಾರೆ ಕಂಡಿದ್ದೆ, ಆದರೆ ನಿಮ್ಮ ಪರದೆಯಲ್ಲಿ ಇಲ್ಲ ಎಂದಮೇಲೆ ಕಂಡೇ ಇಲ್ಲ ಅನಿಸಿಬಿಟ್ಟಿತು. ಕೆಲಸ ಹೋಗುವುದಕ್ಕಿಂತ ಅದಕ್ಕೆ ಹೆದರಿದೆ." ಹೊರಟವನು ತಿರುಗಿ, "ಆ ಕಲ್ಲಿನವರು ಏನೋ ಒಂದು ಮಾತು ಹೇಳಿದರಂತಲ್ಲ, ಅದೇನು?" ಎಂದು ಕೇಳಿದ. ಹೇಳಿದೆ.

ಅಭ್ಯಾಸ ಮುಗಿಸಿ ಅವನು ಮತ್ತೆ ಒಂಟಿಯಾಗಿ ಅದೇ ಹಾದಿಯಲ್ಲಿ ಹೋದ ದಿನ ಪರದೆಯ ಮುಂದೆ ನಾನೇ ಇದ್ದೆ. ಅಂದೂ ಕೆಳಗೆ ತಂಪು, ಮೇಲೆ ಬಿಸಿಯ ಮುಚ್ಚಳ. ಚಿತ್ತಾಪುರ ದಾಟಿದಾಗ ಅವನು ಕೇಳಿದ: "ಮುಂದೆ ಏನಾದರೂ ಇದೆಯೇ?"

ಪರದೆಯ ಮೇಲೆ, ಅವನ ದಾರಿಗೆ ನೇರವಾಗಿ, ಒಂದು ಗುರುತು ಅಲುಗಾಡದೆ ಕೂತಿತ್ತು.

"ಒಂದು ಗುರುತಿದೆ. ವಾಡಿ ಔಟರ್‌ನಲ್ಲಿ ನಿಂತಿದೆ" ಎಂದೆ. "ನಿನ್ನ ಕಣ್ಣಿಗೆ ಏನು ಕಾಣುತ್ತಿದೆ?"

ಅವನು ನೋಡುತ್ತಿದ್ದ. ರೇಡಿಯೊದಲ್ಲಿ ಬರೀ ಕರಕರ ಸದ್ದು.

"ಆಕಾಶ ಖಾಲಿ ಇದೆ" ಎಂದ. ದಿಕ್ಕು ಬದಲಿಸಲಿಲ್ಲ, ಎತ್ತರ ಬದಲಿಸಲಿಲ್ಲ. ಗುರುತಿನ ಮೇಲೆಯೇ ಹಾದು ಶಹಾಬಾದಿನ ಕಡೆ ಹೋದ. ಆಮೇಲೆ, ರೇಡಿಯೊದಲ್ಲಿ ಆಡಬಾರದ ಒಂದು ಮಾತು ಸೇರಿಸಿದ, ನಾನು ಗದರಲಿಲ್ಲ:

"ಇಮಾನ್ ಸೇ."